ಬೇಲಿಯ ಎಲಚಿ, ವೈದ್ಯನ ತೂಕ



ಸಂಕ್ರಾಂತಿಯ ಸಂಜೆ ಎಳೆಯ ಮಕ್ಕಳನ್ನು ಹಸೆಯ ಮೇಲೆ ಕುಳ್ಳಿರಿಸಿ, ಎಲಚಿಹಣ್ಣು, ಕಬ್ಬಿನ ತುಂಡು, ಪುಡಿಗಾಸುಗಳನ್ನು ತಲೆಯ ಮೇಲೆ ಎರೆಯುವ ಸಂಪ್ರದಾಯ ನಮ್ಮಲ್ಲುಂಟು. ವರ್ಷದ ಉಳಿದ ದಿನಗಳಲ್ಲಿ ಅದೇ ಗಿಡವನ್ನು ಬರಿಯ ಮುಳ್ಳೆಂದು ದೂರವಿಡುತ್ತೇವೆ. ಬೋರೆಯೆಂದೂ ಬಾರೆಯೆಂದೂ ಕೆಲವೆಡೆ ಹೆಸರಾದ, ಸಂಸ್ಕೃತದ ಬದರಿಯಾದ ಈ ಗಿಡದ ಚರಿತ್ರೆ ಅಲ್ಪವಾದುದಲ್ಲ.

ಬಲೂಚಿಸ್ಥಾನದ ಮೆಹರ್‌ಗಢದಲ್ಲಿ 1974ರಿಂದ ನಡೆದ ಉತ್ಖನನದಲ್ಲಿ, ಆದಿ ಬೇಸಾಯಗಾರರ ಗೋದಿ ಜವೆಗಳೊಡನೆ ಈ ಕುಲದ ಹಣ್ಣಿನ ಗೊರಟುಗಳೂ ದೊರೆತವು. ಶತಪಥ ಬ್ರಾಹ್ಮಣವು ಸೌತ್ರಾಮಣಿ ಯಾಗದ ಪ್ರಸಂಗದಲ್ಲಿ ಕುವಲ, ಬದರ, ಕರ್ಕಂಧು ಎಂದು ಮೂರು ಬಗೆಯ ಹಣ್ಣುಗಳನ್ನು ಹೆಸರಿಸುತ್ತದೆ. ಚರಕಸಂಹಿತೆಯು ಕುವಲ, ಬದರಗಳೆರಡನ್ನೂ 'ಹೃದ್ಯ'ವೆಂಬ ಹತ್ತು ದ್ರವ್ಯಗಳ ಗಣದಲ್ಲಿ ಸೇರಿಸಿದೆ. ಗೊರಟಿನೊಳಗಣ ತಿರುಳು ವಾಂತಿಯನ್ನು ನಿಲ್ಲಿಸುವ ಏಲಾದಿ ಚೂರ್ಣದಲ್ಲಿ ಬೀಳುತ್ತದೆ.

ವೈದ್ಯನಿಗಿಂತ ರೈತನ ಋಣ ಇನ್ನೂ ಹೆಚ್ಚಿನದು. ಮುಳ್ಳುಕೊಂಬೆ ಹೊಲಕ್ಕೆ ಬೇಲಿಯಾಯಿತು. ಎಲೆ ಆಡುಮೇಕೆಗಳಿಗೆ ಮೇವಾಯಿತು. ಗಟ್ಟಿಯಾದ ಮರ ಬೇಸಾಯದ ಸಲಕರಣೆಯಾಯಿತು. ಕೊಂಬೆಯ ಮೇಲೆ ಅರಗಿನ ಹುಳು ನೆಲಸಿತು. ಹಣ್ಣನ್ನು ಕುಟ್ಟಿ, ಬೆಲ್ಲ, ಉಪ್ಪು, ಮೆಣಸಿನಕಾಯಿ ಕೂಡಿಸಿ ಒಣಗಿಸಿದ ಎಲಚಿವಡೆಯ ರುಚಿಯನ್ನು ಬಾಲ್ಯದಲ್ಲಿ ಸವಿದವರು ಮರೆಯಲಾರರು.

ಆದರೆ ಇವೆಲ್ಲಕ್ಕಿಂತ ಕುತೂಹಲಕರವಾದ ಸಂಗತಿ ಬೇರೊಂದಿದೆ. ಪ್ರಾಚೀನ ವೈದ್ಯರಿಗೆ ಈ ಹಣ್ಣೇ ಒಂದು ತೂಕ! ಎರಡು ಶಾಣ ಒಂದು ಕೋಲ, ಎರಡು ಕೋಲ ಒಂದು ಕರ್ಷ ಎಂಬುದು ಶಾಸ್ತ್ರದ ಲೆಕ್ಕ. ಕೋಲವೆಂದರೆ ಎಲಚಿಹಣ್ಣು, ಚರಕನು ಅದೇ ತೂಕಕ್ಕೆ ಬದರವೆಂಬ ಹೆಸರನ್ನೂ ಹೇಳುತ್ತಾನೆ. ಕರ್ಷವನ್ನು 12 ಗ್ರಾಂ ಎಂದೆಣಿಸುವ ಇಂದಿನ ರೂಢಿಯಂತೆ ಕೋಲವು 6 ಗ್ರಾಂ. ಕರ್ಷಕ್ಕೆ ತಾರೆಯ ಹೆಸರಾದ ಅಕ್ಷವೂ, ಪಲಕ್ಕೆ ಬಿಲ್ವವೂ ಪರ್ಯಾಯ ನಾಮಗಳು. ತಕ್ಕಡಿಯಿಲ್ಲದ ಮನೆಯಲ್ಲಿಯೂ ಅರ್ಥವಾಗುವ ಭಾಷೆ ಇದು. ಇದರ ಹಿಂದೆ ಒಂದು ನಂಬಿಕೆಯಿದೆ: ಕೇಳುವವನು ಆ ಹಣ್ಣನ್ನು ಬಲ್ಲವನೇ ಆಗಿರುತ್ತಾನೆ ಎಂಬುದು.

ಆ ನಂಬಿಕೆ ಈಗ ಸಡಿಲವಾಗುತ್ತಿದೆ. ಇಂದು ಪೇಟೆಯಲ್ಲಿ ದೊರೆಯುವ ಕಸಿಯ ಬೋರೆ ಕಾಡಿನ ಹಣ್ಣಿಗಿಂತ ಹಲವು ಪಟ್ಟು ದೊಡ್ಡದು. ಅದನ್ನು ನೋಡಿ 'ಕೋಲ'ವನ್ನು ಊಹಿಸುವವನು ಮದ್ದಿನ ಪ್ರಮಾಣದಲ್ಲಿಯೇ ತಪ್ಪುವನು. ಗ್ರಂಥ ಉಳಿದರೂ, ಬೇಲಿಯ ಗಿಡ ಅಳಿದರೆ ಗ್ರಂಥದ ಮಾತು ಮೂಕವಾಗುತ್ತದೆ.

ಆದುದರಿಂದ ಮುಂದಿನ ಸಂಕ್ರಾಂತಿಗೆ ಹಣ್ಣನ್ನು ಕೊಳ್ಳುವಾಗ, ಅದು ಯಾವ ಊರಿನ ಬೇಲಿಯಿಂದ ಬಂದಿತೆಂದು ಮಾರುವವಳನ್ನು ಕೇಳಿ. ಕಾಡೆಲಚಿಯೇ ಆಗಿದ್ದರೆ ಒಂದನ್ನು ಮಗುವಿನ ಅಂಗೈಯಲ್ಲಿಟ್ಟು, ನಮ್ಮ ಹಿರಿಯರು ಮದ್ದನ್ನು ತೂಗಿದ್ದು ಇದರಿಂದಲೇ ಎಂದು ತಿಳಿಸಿ.