ಗುಳಿಗೆ ಮತ್ತು ಮಾತು: ಮನೋಚಿಕಿತ್ಸೆಯ ಚರಿತ್ರೆಯಲ್ಲಿ ಕನ್ನಡ

ಮನೋರೋಗಗಳಿಗೆ ಆಧುನಿಕ ವೈದ್ಯವು ನೀಡುವ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಕವಲುಗಳಿವೆ. ಒಂದು ಔಷಧೋಪಚಾರ, ಇನ್ನೊಂದು ಮಾತುಕತೆಯ ಮೂಲಕ ನಡೆಯುವ ಚಿಕಿತ್ಸೆ. ಗುಳಿಗೆಗೆ ಭಾಷೆಯ ಗಡಿಯಿಲ್ಲ, ಮಾತಿಗೆ ಇದೆ. ಆದ್ದರಿಂದ ಕನ್ನಡಿಗರ ನಡುವೆ ಈ ಎರಡು ಕವಲುಗಳು ಒಂದೇ ವೇಗದಲ್ಲಿ ಬೆಳೆಯಲಿಲ್ಲ. ಈ ಅಂತರದ ಸ್ವರೂಪವನ್ನು ಗುರುತಿಸಿ, ನವಿ ಮುಂಬಯಿಯ ಸೀವುಡ್ಸ್‌ನಂತಹ ನೆಲೆಗಳಲ್ಲಿ ವಾಸಿಸುವ ಹೊರನಾಡ ಕನ್ನಡಿಗರಿಗೆ ಅದರ ಅರ್ಥವೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಔಷಧದ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ಉನ್ಮಾದದ ಚಿಕಿತ್ಸೆಯಲ್ಲಿ ಬಳಸಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಅದರ ಪರಿಣಾಮಗಳನ್ನು ಪ್ರಕಟಿಸಿದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ರಕ್ತದೊತ್ತಡದ ಮೇಲೆ ಅದರ ಪ್ರಭಾವವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ವಿವರಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಯೋಗಾಲಯದಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಮನೋರೋಗಿಗಳ ಚಿಕಿತ್ಸೆಗೆ ಬಂದಿತು. ಇವುಗಳಲ್ಲಿ ಎರಡನೆಯದೇ ಮುಂದೆ ಹೆಚ್ಚು ಕಾಲ ನಿಂತಿತು. ಗುಳಿಗೆಯ ರೂಪ ತಾಳಿದ ಮೇಲೆ ಅದು ಪ್ಯಾರಿಸಿನಿಂದ ಬೆಂಗಳೂರಿಗೆ ಬರಲು ಅನುವಾದದ ಅಗತ್ಯವಿರಲಿಲ್ಲ.

ಅದನ್ನು ಸ್ವೀಕರಿಸಲು ಬೆಂಗಳೂರಿನಲ್ಲಿ ಸಂಸ್ಥೆಯೂ ಸಿದ್ಧವಾಗಿತ್ತು. ಮೈಸೂರು ಸರಕಾರವು 1925ರಲ್ಲಿ ಅಲ್ಲಿನ ಹುಚ್ಚಾಸ್ಪತ್ರೆಗೆ ಮಾನಸಿಕ ಆಸ್ಪತ್ರೆಯೆಂದು ಮರುನಾಮಕರಣ ಮಾಡಿತು. 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಆರಂಭವಾಯಿತು. ಮನೋವೈದ್ಯರೊಂದಿಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ತರಬೇತಿ ದೊರೆಯಿತು. ಆಸ್ಪತ್ರೆ ಮತ್ತು ಸಂಸ್ಥೆಗಳೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎನಿಸಿದವು.

ಮಾತಿನ ಚಿಕಿತ್ಸೆಗೆ ಮಾತ್ರ ಇಂತಹ ಸುಗಮವಾದ ದಾರಿಯಿರಲಿಲ್ಲ. ರೋಗಿಯನ್ನು ಏನೆಂದು ಕೇಳಬೇಕು, ಅವನ ಉತ್ತರವನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ಕನ್ನಡದಲ್ಲಿಯೇ ಕಂಡುಕೊಳ್ಳಬೇಕಾಗಿತ್ತು. ಈ ದಿಸೆಯಲ್ಲಿ ಕರಾವಳಿಯ ಕೋಟ ಗ್ರಾಮದ ಅಧ್ಯಯನ ಒಂದು ಮೈಲಿಗಲ್ಲು. ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಅಲ್ಲಿನ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ಮಾನಸಿಕ ಸ್ಥಿತಿಯನ್ನು ಅಭ್ಯಸಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಮೊದಲೇ ಭಾರತೀಯ ಮನೋವೈದ್ಯ ಸಂದರ್ಶನಕ್ಕೆಂದು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಲಾಗಿತ್ತು. ವಿದೇಶಿ ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದೆಂಬ ಅರಿವು ಅದರ ಹಿಂದಿತ್ತು. ಮೈಮೇಲೆ ಬರುವುದೇ ಮೊದಲಾದ ಅನುಭವಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಹಳ್ಳಿಯವರು ವೈದ್ಯರ ಬಳಿಗೂ ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧವೇನೂ ಕಾಣಲಿಲ್ಲ. ಪಾತ್ರಿಯ ಮುಂದೆ ತಮ್ಮ ನುಡಿಯಲ್ಲಿಯೇ ಸಂಕಟವನ್ನು ತೋಡಿಕೊಳ್ಳಬಹುದಿತ್ತೆಂಬುದನ್ನೂ ಇಲ್ಲಿ ಗಮನಿಸಬೇಕು.

ಈ ನುಡಿಯ ಪ್ರಶ್ನೆ ಕೇವಲ ಶಬ್ದಕೋಶದ್ದಲ್ಲ. ‘ಬೇಜಾರು’ ಎಂಬ ಒಂದೇ ಪದ ಬೇಸರ, ದುಃಖ, ಮುನಿಸು, ಬದುಕಿನ ಮೇಲಣ ಜಿಗುಪ್ಸೆಗಳೆಲ್ಲಕ್ಕೂ ಸಲ್ಲುತ್ತದೆ. ‘ತಲೆಬಿಸಿ’ ಜ್ವರವಲ್ಲ, ಚಿಂತೆ. ‘ಎದೆ ಭಾರ’ ಎಂದವನಿಗೆ ಹೃದಯದ ಪರೀಕ್ಷೆಯಷ್ಟೇ ನಡೆದರೆ ಅವನ ಸಂಕಟದ ಅರ್ಧ ಭಾಗ ಕೇಳಿಸದೆ ಉಳಿಯುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ಹೇಳಬಲ್ಲ ಗದ್ಯವನ್ನು ರೂಪಿಸಿದವರಲ್ಲಿ ‘ಕೊರವಂಜಿ’ಯ ಸಂಪಾದಕ, ವೈದ್ಯ ಡಾ. ಎಂ. ಶಿವರಾಂ ಪ್ರಮುಖರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ತಮ್ಮ ಅನೇಕ ಪುಸ್ತಕಗಳಿಂದ ಈ ಪರಂಪರೆಯನ್ನು ಸಾಮಾನ್ಯ ಓದುಗರವರೆಗೆ ಒಯ್ದರು. 1985ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಜಿಲ್ಲಾ ಕಾರ್ಯಕ್ರಮವು ಸ್ಥಳೀಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, 1996ರ ರಾಷ್ಟ್ರೀಯ ಜಿಲ್ಲಾ ಯೋಜನೆಗೆ ಮಾದರಿಯಾಯಿತು.

ಆದರೆ ಈ ಸಾಧನೆಗಳೆಲ್ಲ ರಾಜ್ಯದ ಗಡಿಯೊಳಗಿನವು. ಕೋಟದಲ್ಲಿ ಅಧ್ಯಯನಕ್ಕೊಳಗಾದ ಸಮುದಾಯಗಳು ಬಹು ಹಿಂದಿನಿಂದಲೂ ಮುಂಬಯಿಗೆ ವಲಸೆ ಬಂದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ ಇಲ್ಲಿ ಸ್ಥಾಪನೆಯಾದವು. 1970ರ ಬಳಿಕ ನವಿ ಮುಂಬಯಿ ರೂಪುಗೊಂಡಂತೆ ಕನ್ನಡ ಕುಟುಂಬಗಳು ಖಾರಿಯ ಈಚೆಗೂ ಹರಡಿದವು. ಈ ಪ್ರದೇಶಕ್ಕೆ ಚಿಕಿತ್ಸೆಯ ಕೊರತೆಯಿಲ್ಲ. ಠಾಣೆಯ ಮಾನಸಿಕ ಆಸ್ಪತ್ರೆ 1901ರದು. ಅದೇ ಊರಿನಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಮರಾಠಿ ಸಮಾಜದೊಂದಿಗೆ ಅದರ ನುಡಿಯಲ್ಲಿಯೇ ಸಂವಾದ ಬೆಳೆಸಿತು. ಮರಾಠಿಗೆ ದೊರೆತ ಈ ಅನುಕೂಲ ಕನ್ನಡಕ್ಕೆ ಇಲ್ಲಿ ಸಹಜವಾಗಿ ಒದಗುವಂಥದಲ್ಲ.

ಮಕ್ಕಳ ಮನೆಯಲ್ಲಿ ನೆಲೆಸಲು ಊರಿನಿಂದ ಸೀವುಡ್ಸ್‌ಗೆ ಬಂದ ವೃದ್ಧೆಯೊಬ್ಬಳನ್ನು ಊಹಿಸಿಕೊಳ್ಳೋಣ. ನಿದ್ರೆಯ ಗುಳಿಗೆಯೂ ಖಿನ್ನತೆಯ ಗುಳಿಗೆಯೂ ಆಕೆಗೆ ದೊರೆಯುತ್ತವೆ. ಮಾತಿನ ಸಂದರ್ಭದಲ್ಲಿ ಮಗನೋ ಸೊಸೆಯೋ ದುಭಾಷಿಗಳಾಗಬೇಕು. ಸಂಕಟದ ಮೂಲ ಆ ಮನೆಯೊಳಗೇ ಇದ್ದರೆ ಆಕೆ ಅದನ್ನು ಅವರ ಮುಖಾಂತರ ಹೇಳುವುದು ಹೇಗೆ? ಆಗ ಚಿಕಿತ್ಸೆಯು ಗುಳಿಗೆಯಲ್ಲಿಯೇ ಮುಗಿಯುತ್ತದೆ. ಅದು ವೈದ್ಯನ ಆಯ್ಕೆಯಲ್ಲ, ಭಾಷೆಯ ಅಭಾವದ ಫಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ನೀಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆ (14416) ಕನ್ನಡವೂ ಸೇರಿದಂತೆ 20 ಭಾಷೆಗಳನ್ನು ಒಳಗೊಂಡಿದೆ. ಆದರೆ ಭಾಷೆಯ ಆಯ್ಕೆ ಆಯಾ ರಾಜ್ಯಗಳದ್ದು. ಜನ ಗಡಿ ದಾಟಿದಂತೆ ಅವರ ನುಡಿಯ ಹಕ್ಕೂ ಗಡಿ ದಾಟಬೇಕಾದುದು ನ್ಯಾಯ. ಕೋಟದಲ್ಲಿ ಕೇಳಲು ಕಲಿತ ಪ್ರಶ್ನೆಗಳನ್ನು ಸೀವುಡ್ಸ್‌ನಲ್ಲಿಯೂ ಕನ್ನಡದಲ್ಲಿ ಕೇಳಬಲ್ಲವರನ್ನು ಸಿದ್ಧಪಡಿಸುವುದು, ವಲಸೆಗಾರರ ಸಂಕಟದ ನುಡಿಗಟ್ಟುಗಳನ್ನು ಸಂಗ್ರಹಿಸುವುದು ಹೊರನಾಡಿನ ಕನ್ನಡ ಅಧ್ಯಯನ ಕೇಂದ್ರಗಳ ಮುಂದಿರುವ ಕೆಲಸ. ಇದನ್ನು ವೈದ್ಯರಿಗಷ್ಟೇ ಬಿಟ್ಟುಕೊಡಲಾಗದು.