ಸಹ್ಯಾದ್ರಿಯ ಹಳೆಯ ಒಕ್ಕಲು

ಇತಿಹಾಸವೆಂದೊಡನೆ ನಮಗೆ ಶಾಸನಗಳೂ ಕೋಟೆಗಳೂ ರಾಜವಂಶಗಳೂ ಜ್ಞಾಪಕಕ್ಕೆ ಬರುವುವು. ಎರಡು ಸಾವಿರ ವರ್ಷಗಳ ವೃತ್ತಾಂತವನ್ನೇ ನಾವು ಬಹು ದೀರ್ಘವೆಂದು ಭಾವಿಸುತ್ತೇವೆ. ಆದರೆ ಸಹ್ಯಾದ್ರಿಯ ಮಳೆಕಾಡುಗಳಲ್ಲಿ ಹಿಮಾಲಯಕ್ಕಿಂತಲೂ ಹಳೆಯವಾದ ವಂಶಗಳು ಈಗಲೂ ಬಾಳುತ್ತಿರುವುವು. ಅವು ಇಷ್ಟು ಕಾಲ ಉಳಿದು ಬಂದುದು ಹೇಗೆಂಬುದನ್ನು ಈ ಹೊತ್ತು ಕೊಂಚ ವಿಚಾರಮಾಡೋಣ.

ಭೂಗರ್ಭಶಾಸ್ತ್ರಜ್ಞರು ಹೇಳುವಂತೆ, ನಮ್ಮ ದೇಶವು ಒಂದಾನೊಂದು ಕಾಲದಲ್ಲಿ ಆಫ್ರಿಕ, ಮಡಗಾಸ್ಕರ್, ಸೀಷೆಲ್ಸ್ ಮೊದಲಾದ ನೆಲಗಳೊಡನೆ ಕೂಡಿಕೊಂಡು, ಗೊಂಡ್ವಾನವೆಂಬ ಮಹಾಖಂಡದ ಭಾಗವಾಗಿದ್ದಿತು. ಅಲ್ಲಿಂದ ಕಳಚಿ ಉತ್ತರಕ್ಕೆ ಸರಿದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡವನ್ನು ಸಂಧಿಸಿತು. ಅದಕ್ಕೆ ಮೊದಲೇ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ದಖನ್ನಿನ ನೆಲವು ಬಿರಿದು ಉಕ್ಕಿದ ಲಾವಾರಸವು ವಿಶಾಲವಾದ ಪ್ರದೇಶವನ್ನು ಮುಚ್ಚಿದ್ದಿತು. ಈ ಉತ್ಪಾತವನ್ನು ದಾಟಿ ಬಂದ ಕುಲದ ಕಪ್ಪೆಯೊಂದನ್ನು ಪ್ರಾಣಿಶಾಸ್ತ್ರಜ್ಞರಾದ ಬಿಜು ಅವರೂ ಬೆಲ್ಜಿಯಂ ದೇಶದ ಅವರ ಸಹೋದ್ಯೋಗಿಯೂ ಕೇರಳದ ಇಡುಕ್ಕಿ ಸೀಮೆಯಿಂದ 2003ರಲ್ಲಿ ಲೋಕಕ್ಕೆ ಪರಿಚಯಮಾಡಿಕೊಟ್ಟರು. ಅದರ ಬಣ್ಣ ನೇರಳೆ, ಮೂತಿ ಮೊನಚು. ಹತ್ತಿರದ ಬಂಧುಗಳಿರುವುದು ಕಡಲಾಚೆಯ ಸೀಷೆಲ್ಸ್ ದ್ವೀಪಗಳಲ್ಲಿ. ವರ್ಷದ ಬಹುಭಾಗವನ್ನು ನೆಲದೊಳಗೆ ಗೆದ್ದಲು ತಿಂದು ಕಳೆಯುವ ಈ ಪ್ರಾಣಿಯು ಮಳೆಗಾಲದ ಆರಂಭದಲ್ಲಿ ಕೆಲವೇ ದಿನ ಸಂತಾನಾರ್ಥವಾಗಿ ಹೊರಬರುವುದು. ಬಲದಿಂದಲ್ಲ, ಮರೆಯಾಗಿದ್ದುದರಿಂದಲೇ ಅದು ಉಳಿಯಿತು.

ಸಸ್ಯಗಳಲ್ಲಿಯೂ ಇಂತಹ ನಿದರ್ಶನಗಳುಂಟು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಅರಣ್ಯವಿದೆ. ಅಲ್ಲಿನ ಹಳ್ಳಗಳ ಬದಿಯ ಜೌಗಿನಲ್ಲಿ ಜಾಜಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳು ಬೆಳೆಯುವುವು. ಇಂತಹ ತಾಣವನ್ನು ಆ ಕಡೆಯವರು ರಾಮಪತ್ರೆ ಜಡ್ಡಿಯೆನ್ನುವರು. ಹೂಬಿಡುವ ಸಸ್ಯಗಳಲ್ಲಿ ಇದು ಬಹು ಪುರಾತನವಾದ ಕುಟುಂಬಗಳಲ್ಲಿ ಒಂದು. ಕೆಸರಿನಲ್ಲಿ ಗಾಳಿಯಾಡದ ಕಾರಣ, ಈ ಮರಗಳ ಬೇರುಗಳು ಮಂಡಿ ಮಡಿಸಿದಂತೆ ಮೇಲೆದ್ದು ಉಸಿರಾಡಿ, ಮರಳಿ ಕೆಸರಿಗಿಳಿಯುವುವು. ಕೆಲವು ಮರಗಳು ಊರುಗೋಲಿನಂತಹ ಬೇರುಗಳ ಮೇಲೆ ನಿಲ್ಲುವುವು. ಇವುಗಳ ದಪ್ಪ ಬೀಜವು ಒಣಗಿದರೆ ಸತ್ತುಹೋಗುವುದು. ಬತ್ತದ ನೀರೂ ದಟ್ಟವಾದ ನೆರಳೂ ಬೀಜವನ್ನೊಯ್ಯುವ ಮಂಗಟ್ಟೆಯಂತಹ ಹಕ್ಕಿಯೂ ಬೇಕು. ವಿಜ್ಞಾನವು ಅದುವರೆಗೆ ಅರಿಯದಿದ್ದ ಗೇರಿನ ಜಾತಿಯ ಮರವೊಂದು ಇಲ್ಲಿಯೇ ದೊರೆತು, 2000ದಲ್ಲಿ ಕತ್ತಲೆಕಾನಿನ ಹೆಸರನ್ನೇ ಪಡೆಯಿತು.

ಇಲ್ಲಿ ಮನುಷ್ಯನ ಇತಿಹಾಸವೂ ಬಂದು ಸೇರುವುದು. 1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಅಲ್ಲಿಯ ಕಾಡುಗಳು ಗ್ರಾಮದೇವತೆಗಳ ಸ್ವತ್ತೆಂದೂ, ಪೂಜಾರಿಯೂ ಆದ ಗೌಡನ ಅನುಮತಿಯಿಲ್ಲದೆ ಮರ ಕಡಿಯಕೂಡದೆಂಬ ಕಟ್ಟಳೆಯಿದೆಯೆಂದೂ ಬರೆದಿಟ್ಟನು. ಸರ್ಕಾರವು ಸ್ವತ್ತನ್ನು ಕೇಳದಂತೆ ಜನರು ಹೂಡಿದ ಉಪಾಯವಿದೆಂದು ಅವನು ಬಗೆದನು. ಉಪಾಯವೋ ಭಕ್ತಿಯೋ, ಆ ಕಟ್ಟಳೆಯಿದ್ದೆಡೆ ನೆರಳುಳಿಯಿತು, ನೆರಳಿನಲ್ಲಿ ನೀರುಳಿಯಿತು. ಕೊಡಗಿನ ದೇವರಕಾಡುಗಳು ಈ ಸಂಪ್ರದಾಯಕ್ಕೆ ಇಂದಿಗೂ ಸಾಕ್ಷಿಯಾಗಿವೆ.

ಆದರೆ ಜಡ್ಡಿಯ ನೀರು ಗದ್ದೆಗೂ ತೋಟಕ್ಕೂ ಅನುಕೂಲವಾದದ್ದು. ಅನೇಕ ಜಡ್ಡಿಗಳು ಹಾಗೆಯೇ ಮಾಯವಾದುವು. ಹೊಟ್ಟೆಪಾಡಿಗಾಗಿ ನೀರು ತಿರುಗಿಸಿದ ರೈತನನ್ನು ಪಟ್ಟಣದಲ್ಲಿ ಕುಳಿತ ನಾವು ನಿಂದಿಸುವುದು ಸುಲಭ, ನ್ಯಾಯವಲ್ಲ. ಆ ಬೆಟ್ಟಗಳ ನದಿಗಳಿಂದ ಬರುವ ದೀಪವನ್ನೂ ನೀರನ್ನೂ ಅನುಭವಿಸುವವರು ನಾವೂ ಅಹುದಷ್ಟೆ. ಕೋಟ್ಯಂತರ ವರ್ಷ ಬಾಳಿದ ಕುಲವು ಒಂದು ಹಳ್ಳದ ದಿಕ್ಕು ತಪ್ಪಿದರೆ ಅಳಿಯಬಹುದು. ಹಾಳು ದೇಗುಲವನ್ನು ಮರಳಿ ಕಟ್ಟಬಹುದು. ಅಳಿದ ವಂಶವನ್ನು ಕಟ್ಟುವ ಶಿಲ್ಪಿ ಇನ್ನೂ ಹುಟ್ಟಿಲ್ಲ. ಶಾಸನವನ್ನು ಕಾಪಾಡುವಷ್ಟೇ ಆಸ್ಥೆಯಿಂದ ಇಂತಹ ಹಳ್ಳಗಳನ್ನೂ ಕಾಪಾಡುವುದು ಇತಿಹಾಸದಲ್ಲಿ ಆದರವುಳ್ಳ ನಮ್ಮೆಲ್ಲರ ಕರ್ತವ್ಯವಾಗಿದೆ.