ಕಥೆಯಲ್ಲಿ ಕಿಶೋರಪಾತ್ರ

ಲೋಕವು ಬಾಲ್ಯವೆಂದು ಒಂದೇ ಮಾತಿನಲ್ಲಿ ಕರೆಯುವುದನ್ನು ಪ್ರಾಚೀನರು ಮೂರಾಗಿ ವಿಂಗಡಿಸಿದರು: ಐದು ವರ್ಷಗಳವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ. ಪೌಗಂಡವು ಕಳೆದು ಕೈಶೋರವು ಮೊದಲಾಗುವ ಹತ್ತರಿಂದ ಹದಿಮೂರರ ವಯಸ್ಸು ಕಥೆಗಾರರಿಗೆ ಬಹು ಕಷ್ಟವಾದುದು. ಆ ವಯಸ್ಸಿನವರನ್ನು ಶಿಶುಗಳಂತೆ ಮುದ್ದಿಸಿ ಬರೆದರೆ ಕೃತಕವಾಗುವುದು. ಹಿರಿಯರ ಮಾತುಗಳನ್ನು ಅವರ ಬಾಯಲ್ಲಿ ಇಟ್ಟರೆ ಅದಕ್ಕಿಂತಲೂ ಕೃತಕವಾಗುವುದು. ನಂಬತಕ್ಕ ಬಾಲಪಾತ್ರಗಳು ಸಾಹಿತ್ಯದಲ್ಲಿ ಮೂಡಿರುವ ಕಡೆಗಳಲ್ಲಿ ಒಂದು ಲಕ್ಷಣವು ಮತ್ತೆ ಮತ್ತೆ ಕಾಣಬರುವುದು. ಹಿರಿಯರು ಆಡಿದ ಮಾತನ್ನು ಮಗುವು ಅಕ್ಷರಶಃ ನಂಬಿ, ಆ ಮಾತಿನಿಂದಲೇ ಅವರ ನಡತೆಯನ್ನು ಅಳೆಯುವುದು.

ಕಠೋಪನಿಷತ್ತಿನ ನಚಿಕೇತನು ಇದಕ್ಕೆ ಅತಿ ಪ್ರಾಚೀನವಾದ ನಿದರ್ಶನ. ಸರ್ವಸ್ವವನ್ನೂ ದಾನಮಾಡುವ ಯಜ್ಞದಲ್ಲಿ ತಂದೆಯು ಹಾಲು ಬತ್ತಿದ ಮುದಿಗೋವುಗಳನ್ನು ಕೊಡುತ್ತಿರುವುದನ್ನು ಕಂಡು, ತನ್ನನ್ನು ಯಾರಿಗೆ ಕೊಡುವಿರೆಂದು ಹುಡುಗನು ಕೇಳುವನು; ಉತ್ತರವು ಬಾರದಿರಲು ಎರಡನೆಯ ಸಲವೂ ಮೂರನೆಯ ಸಲವೂ ಕೇಳುವನು. ಸರ್ವಸ್ವವೆಂದಮೇಲೆ ಮಗನೂ ಅದರಲ್ಲಿ ಸೇರಿದವನಲ್ಲವೆ? ಬಿಡದೆ ಕೇಳುವ ಆ ಹಟವೂ, ಬೇಸತ್ತ ತಂದೆಯು ಮೃತ್ಯುವಿಗೆ ಕೊಟ್ಟೆನೆಂದು ಸಿಟ್ಟಿನಿಂದ ಅಂದುಬಿಡುವುದೂ ಇಂದಿನ ಮನೆಗಳಲ್ಲಿಯೂ ಗುರುತು ಸಿಕ್ಕತಕ್ಕವು. ಭಾಗವತದ ಪ್ರಹ್ಲಾದನಾದರೋ, ಗುರುಗಳಿಲ್ಲದ ಹೊತ್ತಿನಲ್ಲಿ ಸಹಪಾಠಿಗಳಿಗೆ ತತ್ತ್ವವನ್ನು ಬೋಧಿಸುವನು. ಅಲ್ಲಿ ಭಕ್ತಿಯ ಮಹಿಮೆಯೇ ಪ್ರಧಾನವಾದುದರಿಂದ ಅದು ದೋಷವಲ್ಲ. ಆದರೆ ಅದೇ ಮಾದರಿಯನ್ನು ಹಿಡಿದ ನೀತಿಕಥೆಗಳಲ್ಲಿ ಹುಡುಗನು ಮರೆಯಾಗಿ ಉಪದೇಶವೊಂದೇ ಉಳಿಯುವುದು.

ಕನ್ನಡದಲ್ಲಿ ಈ ಪಾತ್ರವನ್ನು ಜೀವಂತವಾಗಿ ನಿಲ್ಲಿಸಿದವನು ಕ್ರಿ.ಶ. 1200ರ ಸುಮಾರಿನ ಹರಿಹರ ಕವಿ. ಅವನ ರಗಳೆಯೊಂದರ ನಾಯಕಿ ಕೋಳೂರಿನ ಕೊಡಗೂಸು, ಎಂದರೆ ಮದುವೆಯಾಗದ ಹುಡುಗಿ. ಪರಸ್ಥಳಕ್ಕೆ ಹೊರಟ ತಂದೆಯು ಶಿವನಿಗೆ ನಿತ್ಯವೂ ಹಾಲನ್ನು ಅರ್ಪಿಸೆಂದು ಆಕೆಗೆ ಹೇಳಿ ಹೋಗುವನು. ಹಾಲು ಹೇಗಿದ್ದುದು ಹಾಗೆಯೇ ಉಳಿಯುವುದೆಂಬುದು ಹಿರಿಯರಿಗೆಲ್ಲ ತಿಳಿದ ಸಂಗತಿ, ಆಕೆಗೆ ತಿಳಿಯದು. ದೇವರು ಕುಡಿಯದಿರಲು ಆಕೆ ಅಂಜುವಳು, ಬೇಡುವಳು, ಅಳುವಳು, ತಲೆಯನ್ನು ಒಡೆದುಕೊಳ್ಳಲು ಸಿದ್ಧಳಾಗುವಳು. ಶಿವನು ಕುಡಿಯುವನು. ಹಿಂದಿರುಗಿದ ತಂದೆಯು ಮಗಳ ಮಾತನ್ನು ನಂಬದೆ ಕೋಪಗೊಳ್ಳುವನು; ಆಕೆಯು ಲಿಂಗದಲ್ಲಿ ಐಕ್ಯಳಾಗುವಳು. ಪವಾಡವನ್ನು ನಂಬದ ಓದುಗನೂ ಆ ಹುಡುಗಿಯನ್ನು ನಂಬುವನು. ಶಿವನು ಕುಡಿಯುವನೆಂಬಂತೆ ನಡೆದುಕೊಂಡವನು ತಂದೆ. ಅದನ್ನು ನಿಜವೆಂದು ತಿಳಿದವಳು ಮಗಳು. ಆಕೆಯ ತರ್ಕದಲ್ಲಿ ಲೋಪವಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಚಿಕ್ಕ ಮಕ್ಕಳಿಗೆ ಹಾಡುಗಳನ್ನು ಕೊಟ್ಟರು. ಶಾಲೆಯ ಹುಡುಗನ ಮನಸ್ಸನ್ನು ಕಾದಂಬರಿಗೆ ತಂದವರಲ್ಲಿ, ಇಂಗ್ಲಿಷಿನಲ್ಲಿ ಬರೆದರೂ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರು ಸ್ಮರಣೀಯರು. 1935ರಲ್ಲಿ ಪ್ರಕಟವಾದ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಗ್ರಂಥದಲ್ಲಿ, ತಂದೆಯು ರಜದಲ್ಲಿ ಮಗನನ್ನು ಕೂರಿಸಿಕೊಂಡು ಮಾವಿನಹಣ್ಣಿನ ಬೆಲೆಯ ಲೆಕ್ಕವನ್ನು ಕೊಡುವ ಸಂದರ್ಭವುಂಟು. ಸ್ವಾಮಿಗೆ ಹುಟ್ಟುವ ಸಂದೇಹವು ಒಂದೇ: ಹಣ್ಣು ಮಾಗಿದ್ದಿತೆ, ಇಲ್ಲವೆ? ಸಂತೆಯಲ್ಲಿ ಕೊಳ್ಳುವವರೆಲ್ಲರೂ ಮೊದಲು ನೋಡುವುದು ಅದನ್ನೇ. ಕೊಡಗೂಸು ಹಾಲನ್ನು ನಂಬಿದಂತೆ ಇವನು ಲೆಕ್ಕದ ಮಾವನ್ನು ನಂಬಿದನು. ನಾರಾಯಣರು ಹುಡುಗನನ್ನು ದಡ್ಡನೆಂದು ಹಾಸ್ಯಮಾಡದೆ, ಅವನ ವಿಚಾರವು ಹೋದ ದಾರಿಯಲ್ಲಿಯೇ ತಾವೂ ಹೋಗಿರುವರು. ಅವರ ಹಾಸ್ಯವು ಹುಟ್ಟುವುದೂ ಅಲ್ಲಿಯೇ.

ಈಚೆಗೆ ಕನ್ನಡದಲ್ಲಿಯೂ ಮಕ್ಕಳ ಕಾದಂಬರಿಗೆ ಮನ್ನಣೆಯು ದೊರೆಯುತ್ತಿದೆ. ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರವು 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೂ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೂ ಸಂದಿತು.

ಬರೆಯತಕ್ಕ ವಿಷಯಕ್ಕೆ ಬಿಳಿಕೆರೆಯ ಸುತ್ತಮುತ್ತಲಲ್ಲಿಯೂ ಕೊರತೆಯಿಲ್ಲ. ಹುಣಸೂರು ಪಿರಿಯಾಪಟ್ಟಣಗಳ ಸೀಮೆಯಲ್ಲಿ ಹೊಗೆಸೊಪ್ಪು ಅನೇಕ ಕುಟುಂಬಗಳ ಜೀವನಾಧಾರ. ತಂಬಾಕು ಆರೋಗ್ಯಕ್ಕೆ ಹಾನಿಕರವೆಂದು ಶಾಲೆಯಲ್ಲಿ ಬರೆದು ಮೆಚ್ಚುಗೆ ಪಡೆದ ಹನ್ನೆರಡರ ಹುಡುಗಿಯು ಮನೆಗೆ ಬಂದಾಗ, ಬ್ಯಾರನ್ನಿಗೆ ಏರಿಸುವ ಸೊಪ್ಪನ್ನು ಹಿರಿಯರು ಕಡ್ಡಿಗೆ ಕಟ್ಟುತ್ತಿರುವರು. ತನ್ನ ಪುಸ್ತಕವೂ ಬಟ್ಟೆಯೂ ಹರಾಜಿನ ಹಣದಿಂದ ಬಂದುವೆಂಬುದು ಆಕೆಗೆ ತಿಳಿದಿರುವುದು. ಪಾಠವೂ ಹಿರಿಯರದು, ಬೆಳೆಯೂ ಹಿರಿಯರದು. ಯಾವುದನ್ನು ನಂಬಬೇಕೆಂದು ಆಕೆಯು ನಚಿಕೇತನಂತೆ ಮೂರು ಸಲ ಕೇಳಿದರೆ ತಂದೆಯು ಏನು ಹೇಳುವನು? ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡು ಬರೆಯಹೊರಟವರಿಗೆ ಆ ಹುಡುಗಿಯು ದೊರೆಯಲಾರಳು. ಆಕೆಯ ಪ್ರಶ್ನೆಯನ್ನು ತಿದ್ದದೆ ಬರೆಯಬಲ್ಲವರು ಈ ಸೀಮೆಯ ಮಕ್ಕಳಿಗೆ ಅವರದೇ ಆದ ಕಥೆಯನ್ನು ಕೊಟ್ಟಾರು.